ಅರಿವಷ್ಟೇ ಸಾಲದು, ಚಿಕಿತ್ಸೆಯೂ ಬಳಿಗೆ ಬರಬೇಕು

ಅಮೆರಿಕದ ಲಾಸ್‌ ಏಂಜಲೀಸ್‌ ಕೌಂಟಿಯ ಕಪ್ಪು ವರ್ಣೀಯರ 52 ಕ್ಷೌರದ ಅಂಗಡಿಗಳಲ್ಲಿ ನಡೆದ ವೈದ್ಯಕೀಯ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಓದಿದ ನನಗೆ, ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ಸಾಧನೆಯೆಂದು ವರದಿ ಮಾಡುತ್ತಿದ್ದ ಕೆಲಸಗಳ ಬಗ್ಗೆಯೇ ಸಂದೇಹ ಮೂಡಿತು. ಆ ಸಂದೇಹವನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಅಮೆರಿಕದ ಕಪ್ಪು ವರ್ಣೀಯ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಬಿಳಿಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಪಾರ್ಶ್ವವಾಯು, ಹೃದಯಾಘಾತ ಮತ್ತು ಮೂತ್ರಪಿಂಡದ ವೈಫಲ್ಯ ಅದರ ಬೆನ್ನಿಗೇ ಬರುತ್ತವೆ. ಔಷಧ ಹೊಸದಲ್ಲ, ದುಬಾರಿಯೂ ಅಲ್ಲ. ಆದರೂ ರೋಗಿ ಮತ್ತು ಔಷಧದ ನಡುವಿನ ಅಂತರ ಮಾತ್ರ ಕಡಿಮೆಯಾಗಿರಲಿಲ್ಲ. ವೈದ್ಯರ ಬಳಿಗೆ ಹೋಗದ ಗಂಡಸು ಕೂಡ ಎರಡು ಮೂರು ವಾರಕ್ಕೊಮ್ಮೆ ಕ್ಷೌರಿಕನ ಬಳಿಗೆ ಹೋಗುತ್ತಾನೆ. ವರ್ಷಗಟ್ಟಲೆ ಅದೇ ಅಂಗಡಿ, ಅದೇ ಕುರ್ಚಿ. ಹೃದ್ರೋಗ ತಜ್ಞ ಡಾ. ರೊನಾಲ್ಡ್‌ ವಿಕ್ಟರ್‌ ಮತ್ತು ಅವರ ಸಹೋದ್ಯೋಗಿಗಳು ಆ ನಂಟನ್ನೇ ಆಧಾರವಾಗಿಟ್ಟುಕೊಂಡರು.

ಅಧಿಕ ರಕ್ತದೊತ್ತಡವಿದ್ದ 319 ಗ್ರಾಹಕರು ಈ ಪ್ರಯೋಗದಲ್ಲಿದ್ದರು. ಅಂಗಡಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿನಲ್ಲಿ ಕ್ಷೌರಿಕರು ತಮ್ಮ ಗ್ರಾಹಕರಿಗೆ ಜೀವನಶೈಲಿ ಬದಲಿಸಿಕೊಳ್ಳುವಂತೆ, ವೈದ್ಯರನ್ನು ಕಾಣುವಂತೆ ಬುದ್ಧಿ ಹೇಳಿದರು. ಇನ್ನೊಂದು ಗುಂಪಿನಲ್ಲಿ ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟ್‌ಗಳು ಅಂಗಡಿಗೇ ಬಂದರು. ಗ್ರಾಹಕರ ವೈದ್ಯರೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಅಲ್ಲಿಯೇ ಔಷಧ ಬರೆದುಕೊಟ್ಟರು, ರಕ್ತದೊತ್ತಡದ ಮೇಲೆ ನಿಗಾ ಇಟ್ಟರು, ವೈದ್ಯರಿಗೆ ವರದಿ ಕಳುಹಿಸಿದರು. ಆರು ತಿಂಗಳ ನಂತರ ಈ ಎರಡನೆಯ ಗುಂಪಿನಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 27ರಷ್ಟು ಇಳಿದಿತ್ತು. ಬುದ್ಧಿಮಾತು ಮಾತ್ರ ಕೇಳಿದ್ದ ಗುಂಪಿನಲ್ಲಿ ಇಳಿದದ್ದು 9ರಷ್ಟು. 130/80ಕ್ಕಿಂತ ಕೆಳಗೆ ಬರಬೇಕೆಂಬ ಗುರಿ ಮುಟ್ಟಿದವರು ಒಂದು ಕಡೆ ಶೇ 63.6, ಇನ್ನೊಂದು ಕಡೆ ಶೇ 11.7. ಒಂದು ವರ್ಷದ ನಂತರವೂ ಈ ಅಂತರ ಉಳಿದಿತ್ತು.

ಈ ಅಂಕಿಅಂಶಗಳ ನಿಜವಾದ ಪಾಠ ಎರಡು ಗುಂಪುಗಳ ಹೋಲಿಕೆಯಲ್ಲಿದೆ. ಎರಡೂ ಕಡೆ ಕ್ಷೌರಿಕನಿದ್ದ, ವಿಶ್ವಾಸವಿತ್ತು, ತಿಳಿವಳಿಕೆಯ ಮಾತಿತ್ತು. ವ್ಯತ್ಯಾಸವಿದ್ದದ್ದು ಒಂದೇ: ಒಂದು ಕಡೆ ಚಿಕಿತ್ಸೆಯೂ ಅಲ್ಲಿಗೇ ಬಂತು. ಇದಕ್ಕೂ ಮುನ್ನ ಡಲ್ಲಾಸ್‌ನಲ್ಲಿ ಇದೇ ತಂಡ ನಡೆಸಿದ್ದ ಪ್ರಯೋಗದಲ್ಲಿ ಕ್ಷೌರಿಕರೇ ರಕ್ತದೊತ್ತಡ ಅಳೆದು ಗ್ರಾಹಕರನ್ನು ವೈದ್ಯರ ಬಳಿಗೆ ಕಳುಹಿಸುತ್ತಿದ್ದರು. ಅಲ್ಲಿ ದೊರೆತ ಸುಧಾರಣೆ ಸಾಧಾರಣವಾದದ್ದು. ವಿಶ್ವಾಸ ಬಾಗಿಲು ತೆರೆಯುತ್ತದೆ. ಆದರೆ ತೆರೆದ ಬಾಗಿಲಿನಿಂದ ಒಳಗೆ ಬರುವುದಕ್ಕೆ ಏನಾದರೂ ಇರಬೇಕಲ್ಲವೇ?

ಇಲ್ಲಿಯೇ ನನಗೆ ನನ್ನ ನೆನಪು ಚುಚ್ಚುವುದು. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿದ್ದಾಗ ಕಾಡಂಚಿನ ಹಾಡಿಯೊಂದರಲ್ಲಿ ಆರೋಗ್ಯ ಶಿಬಿರಕ್ಕೆ ಹೋಗಿದ್ದೆ. ವಯಸ್ಸಾದ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ, ಮಡಿಕೆಗಳಲ್ಲಿ ಹರಿದುಹೋಗಿದ್ದ ಚೀಟಿಯನ್ನು ತೋರಿಸಿದಳು. ಹಿಂದಿನ ವರ್ಷದ ಶಿಬಿರದಲ್ಲಿ ಬರೆದುಕೊಟ್ಟ ಬಿ.ಪಿ.ಯ ಅಂಕಿ ಅದರಲ್ಲಿತ್ತು. ‘ಇದನ್ನ ಏನ್‌ ಮಾಡ್ಲಿ ಸ್ವಾಮಿ?’ ಎಂದು ಕೇಳಿದಳು. ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಬಸ್ಸಿಗಾಗಿ ಮೈಲುಗಟ್ಟಲೆ ನಡೆಯಬೇಕು. ನಾನು ಪಕ್ಕದಲ್ಲಿದ್ದ ವೈದ್ಯರತ್ತ ನೋಡಿದೆ. ಅವರು ಮತ್ತೊಮ್ಮೆ ಬಿ.ಪಿ. ಅಳೆದು, ಮತ್ತೊಂದು ಚೀಟಿ ಬರೆದುಕೊಟ್ಟರು. ಆ ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಆ ಶಿಬಿರವೂ ಅವಳೂ ನಮ್ಮ ಸಾಧನೆಯ ಪಟ್ಟಿಗೆ ಸೇರಿದರು. ಎಷ್ಟು ಶಿಬಿರ, ಎಷ್ಟು ಜಾಥಾ, ಎಷ್ಟು ಕರಪತ್ರ ಎಂದು ನಾನು ಕೇಳುತ್ತಿದ್ದೆನೇ ಹೊರತು ಎಷ್ಟು ಜನರ ರಕ್ತದೊತ್ತಡ ಇಳಿಯಿತು ಎಂದು ಒಮ್ಮೆಯೂ ಕೇಳಲಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಸರ್ಕಾರವೇ ಕೇಳಿಕೊಂಡದ್ದು 1985ರಲ್ಲಿ. ಆಗಿನ ಆರೋಗ್ಯ ಸಚಿವೆ ಮಾರ್ಗರೆಟ್‌ ಹೆಕ್ಲರ್‌ ಹೊರತಂದ ವರದಿ, ಅಲ್ಪಸಂಖ್ಯಾತ ಜನಾಂಗಗಳಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ‘ಹೆಚ್ಚುವರಿ’ ಸಾವುಗಳು ಸಂಭವಿಸುತ್ತಿವೆಯೆಂದು ಲೆಕ್ಕ ಹಾಕಿತು. ಅಂದರೆ, ಬಿಳಿಯರ ಮರಣ ಪ್ರಮಾಣವೇ ಇವರಿಗೂ ಅನ್ವಯಿಸಿದ್ದರೆ ಸಂಭವಿಸದೇ ಇರುತ್ತಿದ್ದ ಸಾವುಗಳು. ಇದಕ್ಕೆ ರಕ್ತದ ಗುಣ ಕಾರಣವೆನ್ನುವುದು ಸುಲಭ. ಆದರೆ ಬಡ ಬಡಾವಣೆ, ಆರೋಗ್ಯ ವಿಮೆಯ ಕೊರತೆ, ಆಸ್ಪತ್ರೆಯಲ್ಲಿ ಎದುರಾಗುವ ಅಸಡ್ಡೆ, ಇವೆಲ್ಲವೂ ಕಾರಣಗಳೇ. ಅಪನಂಬಿಕೆಗೂ ಇತಿಹಾಸವಿದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್‌ ಪೀಡಿತ ಸುಮಾರು 400 ಕಪ್ಪು ವರ್ಣೀಯರನ್ನು ಚಿಕಿತ್ಸೆ ನೀಡದೆ ‘ಅಧ್ಯಯನ’ ಮಾಡಿತು. ಪೆನ್ಸಿಲಿನ್‌ ಬಂದ ಮೇಲೂ ಕೊಡಲಿಲ್ಲ. ಅಧ್ಯಕ್ಷ ಕ್ಲಿಂಟನ್‌ ಕ್ಷಮೆ ಕೇಳಿದ್ದು 1997ರಲ್ಲಿ. ಅಂಥ ಜನ ಬಿಳಿ ಕೋಟಿಗಿಂತ ಕ್ಷೌರಿಕನನ್ನು ಹೆಚ್ಚು ನಂಬಿದರೆ ಅದನ್ನು ಅಜ್ಞಾನವೆನ್ನಲಾಗದು.

ಇನ್ನೊಂದು ಉದಾಹರಣೆ ಅಲ್ಲಿನ ಮೂಲನಿವಾಸಿಗಳದು. ಮಧುಮೇಹ ಅವರಲ್ಲಿ ಅತಿ ಹೆಚ್ಚು. ಅದರಿಂದ ಮೂತ್ರಪಿಂಡ ವಿಫಲವಾಗುವುದೂ ಹೆಚ್ಚಾಗಿತ್ತು. 1997ರಲ್ಲಿ ಅಮೆರಿಕದ ಸಂಸತ್ತು ಅವರಿಗಾಗಿಯೇ ವಿಶೇಷ ಮಧುಮೇಹ ಕಾರ್ಯಕ್ರಮವೊಂದನ್ನು ಆರಂಭಿಸಿತು. ಹಣ ಬುಡಕಟ್ಟುಗಳ ಕೈಗೂ ಹೋಯಿತು. ಊರಿಗೆ ಯಾವುದು ಒಗ್ಗುತ್ತದೆಂಬುದನ್ನು ಅವರೂ ನಿರ್ಧರಿಸಿದರು. ರೋಗಿ ಬಂದಾಗ ನೋಡುವುದಕ್ಕೆ ಬದಲಾಗಿ ಊರಿನ ಎಲ್ಲ ಮಧುಮೇಹಿಗಳ ಲೆಕ್ಕವಿಟ್ಟು, ಮೂತ್ರಪಿಂಡ ಕಾಪಾಡುವ ಔಷಧ, ರಕ್ತದೊತ್ತಡದ ನಿಯಂತ್ರಣ, ನಿಯಮಿತ ಪರೀಕ್ಷೆಗಳನ್ನು ಒಂದೇ ತಂಡ ನೋಡಿಕೊಂಡಿತು. 1996ರಿಂದ 2013ರ ನಡುವೆ ಅವರಲ್ಲಿ ಮಧುಮೇಹದಿಂದಾಗುವ ಮೂತ್ರಪಿಂಡ ವೈಫಲ್ಯ ಶೇ 54ರಷ್ಟು ಇಳಿಯಿತು. ಡಯಾಲಿಸಿಸ್‌ನ ವೆಚ್ಚ ಬಲ್ಲ ಯಾವ ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಇದು ದಾನವಲ್ಲ, ಹೂಡಿಕೆ ಎಂಬುದನ್ನು ವಿವರಿಸಬೇಕಿಲ್ಲ.

ಇಂಥ ಯಶಸ್ಸು ಕಣ್ಣಿಗೆ ಬೀಳಬೇಕಾದರೆ ಗುಂಪುಗಳನ್ನು ಬಿಡಿಬಿಡಿಯಾಗಿ ಎಣಿಸಬೇಕು. ಸರಾಸರಿ ಎಂಬುದು ಬಹಳ ವಿಷಯಗಳನ್ನು ಮುಚ್ಚಿಡುತ್ತದೆ. ಇದು ನಮ್ಮವರಿಗೂ ಸಂಬಂಧಿಸಿದ ಮಾತು. ಅಮೆರಿಕದ ಲೆಕ್ಕಪತ್ರಗಳಲ್ಲಿ ‘ಏಷ್ಯನ್ನರು’ ಎಂಬ ಒಂದೇ ಕಂಬಸಾಲಿನಲ್ಲಿ ಭಾರತೀಯರೂ ಸೇರಿಹೋಗಿ, ಒಟ್ಟಾರೆ ಆರೋಗ್ಯವಂತರಂತೆ ಕಾಣುತ್ತಿದ್ದರು. 2010ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊ ಮತ್ತು ಷಿಕಾಗೊ ಪ್ರದೇಶಗಳಲ್ಲಿ ಆರಂಭವಾದ ‘ಮಸಾಲಾ’ ಎಂಬ ಹೆಸರಿನ ಅಧ್ಯಯನ 906 ಮಂದಿ ದಕ್ಷಿಣ ಏಷ್ಯನ್ನರನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗ, ಅವರಲ್ಲಿ ಮಧುಮೇಹ ಇತರ ಹಲವು ಗುಂಪುಗಳಿಗಿಂತ ಹೆಚ್ಚೆಂದು ತಿಳಿಯಿತು. ಕೈತುಂಬ ಸಂಬಳ, ಒಳ್ಳೆಯ ವಿಮೆ ಇದ್ದವರನ್ನೂ ರೋಗ ಬಿಟ್ಟಿರಲಿಲ್ಲ. ಯುಗಾದಿ, ರಾಜ್ಯೋತ್ಸವಗಳಿಗೆ ನೂರಾರು ಕುಟುಂಬಗಳನ್ನು ಸೇರಿಸುವ ಅಲ್ಲಿನ ಕನ್ನಡ ಕೂಟಗಳು, ಮನಸ್ಸು ಮಾಡಿದರೆ, ನಮ್ಮವರ ಪಾಲಿನ ‘ಕ್ಷೌರದಂಗಡಿ’ಗಳಾಗಬಲ್ಲವು.

ಇದೆಲ್ಲವೂ ಸಂಪೂರ್ಣ ಪರಿಹಾರವೆಂದು ನಾನು ಹೇಳುತ್ತಿಲ್ಲ. ಕ್ಷೌರದಂಗಡಿಯಲ್ಲಿ ಕೊಟ್ಟ ಮಾತ್ರೆ ಬಡಾವಣೆಯ ಬಡತನವನ್ನು ನೀಗಿಸದು. ಇಂಥ ಯೋಜನೆಗಳ ಆಯುಷ್ಯವೂ ಅನಿಶ್ಚಿತ. ಮೂಲನಿವಾಸಿಗಳ ಮಧುಮೇಹ ಕಾರ್ಯಕ್ರಮವನ್ನು ಎಷ್ಟೋ ಬಾರಿ ಅಲ್ಪಾವಧಿಗೆ ಮಾತ್ರ ನವೀಕರಿಸಲಾಗಿದೆ. 2025ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಸುಮಾರು 10 ಸಾವಿರ ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ದೀರ್ಘಕಾಲೀನ ಕಾಯಿಲೆಗೆ ಅಲ್ಪಕಾಲೀನ ಅನುದಾನ ಎಂಬುದು ಎಲ್ಲ ಸರ್ಕಾರಗಳ ಹಳೆಯ ಕಾಯಿಲೆ. ಬದುಕಿಡೀ ಮಾತ್ರೆ ನುಂಗಬೇಕಾದ ರೋಗಿಗೆ ಈ ಮಾರ್ಚ್‌ವರೆಗೆ ಮಾತ್ರ ಹಣವಿದೆ ಎಂದು ಹೇಳಲಾದೀತೇ?

ನಮ್ಮ ಹಾಡಿಗಳಲ್ಲಿ, ಕೊಳೆಗೇರಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಮನೆಮನೆಯ ಪರಿಚಯ, ವಿಶ್ವಾಸ ಅವರಿಗಿದೆ. ಅವರು ಗುರುತಿಸಿದ ರೋಗಿಗೆ ಪ್ರತಿ ತಿಂಗಳು ತಪ್ಪದೆ ಮಾತ್ರೆ ತಲುಪುತ್ತಿದೆಯೇ, ರಕ್ತದೊತ್ತಡ ಇಳಿಯುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕಡ್ಡಾಯವಾಗಿ ಕೇಳಬೇಕು. ಅದೂ ಜಿಲ್ಲೆಯ ಸರಾಸರಿಯನ್ನಲ್ಲ, ಹಾಡಿ ಹಾಡಿಯ ಲೆಕ್ಕವನ್ನು. ನಾನು ಕುರ್ಚಿಯಲ್ಲಿದ್ದಾಗ ಕೇಳಲಿಲ್ಲ. ಈಗ ಆ ಕುರ್ಚಿಗಳಲ್ಲಿರುವ ನನ್ನ ಕಿರಿಯ ಮಿತ್ರರು ಕೇಳಲಿ. ಸೆರಗಿನ ಗಂಟಿನಲ್ಲಿ ಚೀಟಿಯ ಬದಲು ಮಾತ್ರೆ ಇದ್ದಿದ್ದರೆ, ಆ ಹೆಣ್ಣುಮಗಳು ನನ್ನನ್ನು ಆ ಪ್ರಶ್ನೆ ಕೇಳಬೇಕಾಗಿಯೇ ಇರಲಿಲ್ಲ.