ಕೈಗೆಟಕುವ ಅಡಿಗೆಮನೆ

ಬ್ಯಾಂಕಿನ ಖಾತೆ-ಕಿರ್ದಿಗಳ ನಡುವೆ ಇಪ್ಪತ್ತು ವರ್ಷಗಳನ್ನು ಕಳೆದ ನನ್ನಂತಹವನು ಅಡಿಗೆಮನೆಯನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕರು, ವಿಶೇಷವಾಗಿ ವಾಚಕಿಯರು, ಹುಬ್ಬೇರಿಸುವುದು ಸಹಜವೇ. ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವೈದ್ಯನಲ್ಲದ ನಾನು ಏನು ತಾನೇ ಬರೆಯಲಿ ಎಂದು ಹಿಂಜರಿದುದುಂಟು. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಅನಾಹುತಕ್ಕೆ ರೋಗ ಕಾರಣವಾಗಿರಲಿಲ್ಲ. ಪಾತ್ರೆಯೊಂದನ್ನು ಇಡಬಾರದ ಕಡೆಯಲ್ಲಿ ಇಟ್ಟದ್ದು ಕಾರಣವಾಗಿತ್ತು. ಇಟ್ಟವನು ನಾನು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಹಕ್ಕಲ್ಲದಿದ್ದರೂ ಹೊಣೆಯಂತೂ ನನಗಿದೆ ಎಂದು ಭಾವಿಸಿದ್ದೇನೆ.

ಮುಂಬಯಿಯ ಉಪನಗರವೊಂದರಲ್ಲಿ ನಮ್ಮ ವಾಸ. ಒಂದು ಮಲಗುವ ಕೋಣೆ, ಒಂದು ಹಾಲು, ಏಳು ಅಡಿ ಅಗಲ ಒಂಬತ್ತು ಅಡಿ ಉದ್ದದ ಒಂದು ಅಡಿಗೆಮನೆ. ಅಂದರೆ 63 ಚದರಡಿ. ಇದರಲ್ಲಿ ಬಾಗಿಲು, ಕಿಟಕಿ, ಫ್ರಿಜ್, ಪಾತ್ರೆ ತೊಳೆಯುವ ಸಿಂಕು, ಇಲ್ಲಿನವರು ‘ಓಟಾ’ ಎಂದು ಕರೆಯುವ ಅಡಿಗೆಕಟ್ಟೆ, ಇವೆಲ್ಲ ಹೋಗಿ ಉಳಿದುದರಲ್ಲಿ ಮನುಷ್ಯರು ಓಡಾಡಬೇಕು. 2021ರಲ್ಲಿ ನನ್ನ ತಂದೆಯವರು ತೀರಿಕೊಂಡ ನಂತರ ಅವ್ವ ಧಾರವಾಡದ ಮನೆಯನ್ನು ಬಿಟ್ಟು ನಮ್ಮೊಡನೆ ಇರಲು ಬಂದಳು. ಅವಳೊಡನೆ ನಾಲ್ಕು ಗೋಣಿಚೀಲ ತುಂಬ ಪಾತ್ರೆಗಳೂ ಬಂದವು. ಧಾರವಾಡದಲ್ಲಿ ಅವಳ ಅಡಿಗೆಮನೆಯೇ ನಮ್ಮ ಇಡೀ ಹಾಲಿಗಿಂತ ದೊಡ್ಡದಾಗಿತ್ತೆಂದರೆ ಪರಿಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಒಂದು ಭಾನುವಾರ ನಾನು ಸ್ವತಃ ನಿಂತು ‘ವ್ಯವಸ್ಥೆ’ ಮಾಡಿದೆ. ನನ್ನ ಪತ್ನಿಯ ಪಾತ್ರೆಗಳು ಇದ್ದಲ್ಲಿಯೇ ಉಳಿದವು. ಅವ್ವನವು ಏಳಡಿ ಎತ್ತರದ ಅಟ್ಟಕ್ಕೇರಿದವು. ನೆಲ ಖಾಲಿಯಾಯಿತು, ಕಣ್ಣಿಗೆ ಅಚ್ಚುಕಟ್ಟಾಗಿ ಕಂಡಿತು. ಸಂಜೆ ಚಹಾ ಕುಡಿಯುತ್ತ ನನ್ನ ಜಾಣ್ಮೆಯನ್ನು ನಾನೇ ಮೆಚ್ಚಿಕೊಂಡೆ.

2022ರ ನಾಗರಪಂಚಮಿಯ ಮುನ್ನಾದಿನ ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಪಂಚಮಿಗೆ ಉಂಡಿ ಕಟ್ಟದೆ ಇರುವುದುಂಟೆ? ಅವ್ವನಿಗೆ ಅವಳ ಅಗಲವಾದ ಹಿತ್ತಾಳೆಯ ಪರಾತ ಬೇಕಾಯಿತು. ಎಪ್ಪತ್ತೊಂದು ವಯಸ್ಸಿನ ಆಕೆ ಪ್ಲಾಸ್ಟಿಕ್ಕಿನ ಸ್ಟೂಲೊಂದನ್ನು ಎಳೆದುಕೊಂಡು ಹತ್ತಿದಳು. ಪರಾತವೂ ಅವಳೂ ಒಟ್ಟಿಗೆ ಬಿದ್ದರು. ನೆರೆಮನೆಯವರು ಸದ್ದು ಕೇಳಿ ಓಡಿಬಂದು ಆಸ್ಪತ್ರೆಗೆ ಕರೆದೊಯ್ದರು. ಬಲಗೈ ಮಣಿಕಟ್ಟು ಮುರಿದಿತ್ತು.

“ಅವ್ವಾ, ನಾವು ಬರೂತನಾ ಕಾಯಬಾರದಾಗಿತ್ತೇನ?” ಎಂದು ಆಸ್ಪತ್ರೆಯಲ್ಲಿ ಕೇಳಿದೆ. ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆನೆಂದು ಈಗ ಅನಿಸುತ್ತದೆ. ಅವ್ವ ಹೇಳಿದಳು: “ನನ್ನ ಸಾಮಾನ ಇಳಿಸಿ ಕೊಡ್ರಿ, ಇಳಿಸಿ ಕೊಡ್ರಿ ಅಂತ ಎಷ್ಟ ಸಲ ಕೇಳಲೋ? ಮಂದಿ ಮನ್ಯಾಗ ಇದ್ದಂಗ ಆಗತದ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂಳೆ ವೈದ್ಯರು ಅಂದು ತಿಳಿಸಿದ ಸಂಗತಿಯನ್ನು ಎಲ್ಲ ಹಿರಿಯರಿರುವ ಮನೆಯವರೂ ತಿಳಿದಿರುವುದು ಒಳ್ಳೆಯದು. ಮುಟ್ಟು ನಿಂತ ನಂತರ ಹೆಂಗಸರ ಮೂಳೆಗಳು ತ್ವರಿತವಾಗಿ ಸಾಂದ್ರತೆಯನ್ನು ಕಳೆದುಕೊಂಡು ಪೊಳ್ಳಾಗತೊಡಗುತ್ತವೆ. ಬೀಳುವಾಗ ಯಾರೇ ಆಗಲಿ ಕೈಯೂರುವುದು ಸ್ವಭಾವ. ಆಗ ಮೊದಲು ಮುರಿಯುವುದು ಮಣಿಕಟ್ಟು. ಹೀಗೆ ಒಮ್ಮೆ ಮುರಿದವರಿಗೆ ಮುಂದೆ ಬೆನ್ನೆಲುಬು ಅಥವಾ ತೊಡೆಯ ಮೂಳೆ ಮುರಿಯುವ ಸಂಭವ ಇತರರಿಗಿಂತ ಹೆಚ್ಚು; ತೊಡೆಯ ಮೂಳೆ ಮುರಿದರೆ ಅನೇಕ ವೃದ್ಧರು ಮತ್ತೆ ಮೊದಲಿನಂತೆ ನಡೆದಾಡುವುದಿಲ್ಲ. ಜೊತೆಗೆ, ರಕ್ತದೊತ್ತಡದ ಮಾತ್ರೆ ಸೇವಿಸುವ ಕೆಲವರಿಗೆ ಸರಕ್ಕನೆ ಎದ್ದಾಗ ತಲೆಸುತ್ತು ಬರುವುದುಂಟು. ಅಂಥವರನ್ನು ಸ್ಟೂಲಿನ ಮೇಲೆ ಹತ್ತಿಸುವ ಅಡಿಗೆಮನೆಯನ್ನು ವ್ಯವಸ್ಥಿತವೆಂದು ಕರೆಯುವುದು ಹೇಗೆ?

ಆರು ವಾರಗಳ ಕಾಲ ಅವ್ವನ ಕೈ ಪ್ಲಾಸ್ಟರಿನಲ್ಲಿತ್ತು. ಆ ಅವಧಿಯಲ್ಲಿ ನಾನು ಅಡಿಗೆಮನೆಯಲ್ಲಿ ಬಹಳ ಹೊತ್ತು ಕಳೆಯಬೇಕಾಯಿತು. ಉಪ್ಪಿಗಾಗಿ ಇತ್ತ, ಇಕ್ಕಳಕ್ಕಾಗಿ ಅತ್ತ ತಿರುಗುತ್ತಿದ್ದಾಗ ನಮ್ಮ ಶಾಖೆಯ ಕ್ಯಾಷಿಯರರ ಕಟಕಟೆಯು ನನ್ನ ನೆನಪಿಗೆ ಬಂದಿತು. ಅದು ನಮ್ಮ ಅಡಿಗೆಮನೆಯ ಅರ್ಧದಷ್ಟೂ ಇಲ್ಲ. ಆದರೂ ಅಲ್ಲಿ ಕುಳಿತವರು ದಿನವಿಡೀ ಎದ್ದು ಓಡಾಡದೆ ನೂರಾರು ಗ್ರಾಹಕರ ಕೆಲಸ ಮುಗಿಸುತ್ತಾರೆ. ಮೊಹರು, ಶಾಯಿಯ ಪ್ಯಾಡು, ನೋಟು ಎಣಿಸುವ ಯಂತ್ರ, ರಬ್ಬರ್ ಬ್ಯಾಂಡು, ಎಲ್ಲವೂ ಮೊಣಕೈ ಚಾಚಿದರೆ ಸಿಗುವಂತಿರುತ್ತವೆ. ಹಳೆಯ ವೋಚರುಗಳ ಕಟ್ಟನ್ನು ಯಾವ ಕ್ಯಾಷಿಯರರೂ ಮೇಜಿನ ಮೇಲಿಟ್ಟುಕೊಳ್ಳುವುದಿಲ್ಲ. ಅಲ್ಲಿ ಜಾಗವನ್ನು ಅಳೆಯುವುದು ನೆಲದ ಚದರಡಿಯಿಂದಲ್ಲ, ಕುಳಿತವನ ತೋಳಿನಿಂದ.

ಈ ವಿಚಾರ ಹೊಸದೇನೂ ಅಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆ. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಾಮಾನ್ಯ ಜನರ ವಸತಿಗಳಿಗಾಗಿ ಒಂದು ಅಡಿಗೆಮನೆಯನ್ನು ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅಂದರೆ ಹತ್ತಿರ ಹತ್ತಿರ 70 ಚದರಡಿ, ನಮ್ಮದಕ್ಕಿಂತ ಸ್ವಲ್ಪವೇ ದೊಡ್ಡದು. ರೈಲುಗಾಡಿಯ ಊಟದ ಡಬ್ಬಿಯಲ್ಲಿ ಅಷ್ಟು ಇಕ್ಕಟ್ಟಿನಲ್ಲಿಯೂ ಅಡಿಗೆಯವರು ಹೇಗೆ ಕೆಲಸ ಮಾಡುತ್ತಾರೆಂಬುದು ಆಕೆಗೆ ಮಾದರಿಯಾಗಿತ್ತು. ಅಂತಹ ಸುಮಾರು ಹತ್ತು ಸಾವಿರ ಅಡಿಗೆಮನೆಗಳು ನಿರ್ಮಾಣವಾದವು. ಆದರೆ ಅದರಲ್ಲಿಯೂ ಒಂದು ಕುಂದು ಇತ್ತು. ಒಬ್ಬರೇ ನಿಂತು ಅಡಿಗೆ ಮಾಡುವುದಕ್ಕೆ ಮಾತ್ರ ಅದು ಅನುಕೂಲವಾಗಿತ್ತು; ಎರಡನೆಯವರಿಗೆ ಅಲ್ಲಿ ಎಡೆಯಿರಲಿಲ್ಲ. ಅತ್ತೆ-ಸೊಸೆಯರಿಬ್ಬರೂ ಇರುವ ನಮ್ಮ ಮನೆಗಳಿಗೆ ಆ ನಕ್ಷೆಯನ್ನು ಹಾಗೆಯೇ ತಂದು ಕೂರಿಸಲು ಬರುವುದಿಲ್ಲ.

ಪ್ಲಾಸ್ಟರು ತೆಗೆದ ಮರುವಾರ ನಾನು ಅಳತೆಪಟ್ಟಿ ಹಿಡಿದು ನಿಂತೆ. ಈ ಸಲ ಕೋಣೆಯನ್ನಲ್ಲ, ಮನೆಯವರನ್ನು ಅಳೆದೆ. ಕಟ್ಟೆಯ ಎದುರು ನಿಂತು, ಹಿಮ್ಮಡಿಯೆತ್ತದೆ ಗೋಡೆಗೆ ಕೈಚಾಚಿದಾಗ ಅವ್ವನ ಬೆರಳು ಮುಟ್ಟಿದ್ದು 5 ಅಡಿ 2 ಅಂಗುಲವನ್ನು. ಪತ್ನಿಯದು 5 ಅಡಿ 9 ಅಂಗುಲ. ಮೊಣಕಾಲು ಹೆಚ್ಚು ಬಗ್ಗಿಸದೆ ಅವ್ವ ಕೆಳಗಿನಿಂದ ಎತ್ತಿಕೊಳ್ಳಬಲ್ಲ ಎತ್ತರ ನೆಲದಿಂದ 20 ಅಂಗುಲ. ಹೀಗೆ 20 ಅಂಗುಲದಿಂದ 62 ಅಂಗುಲದವರೆಗಿನ ಮೂರೂವರೆ ಅಡಿಯ ಪಟ್ಟಿಯೇ ನಮ್ಮ ಅಡಿಗೆಮನೆಯ ನಿಜವಾದ ಆಸ್ತಿ. ಮುಂಬಯಿಯಲ್ಲಿ ಚದರಡಿಯ ಬೆಲೆ ಎಷ್ಟೆಂಬುದನ್ನು ಗೃಹಸಾಲದ ಅರ್ಜಿಗಳಲ್ಲಿ ದಿನವೂ ನೋಡುವವನು ನಾನು. ಈ ಪಟ್ಟಿಯಲ್ಲಿ ನಮ್ಮ ಮನೆಯಲ್ಲಿ ಏನಿತ್ತು ಬಲ್ಲಿರಾ? ಕಟ್ಟೆಯ ಮೇಲಣ ಗೋಡೆಯಲ್ಲಿ ಹೂವಿನ ಚಿತ್ರದ ಹೆಂಚುಗಳು, ಒಂದು ಕ್ಯಾಲೆಂಡರು. ಅಕ್ಕಿ, ಬೇಳೆ, ಕುಕ್ಕರುಗಳೆಲ್ಲ ಅದರ ಮೇಲೆ ಅಥವಾ ಕೆಳಗೆ!

ಇನ್ನು ದಾಸ್ತಾನಿನ ತಪಾಸಣೆ. ಚಮಚ ಸೌಟುಗಳನ್ನು ಬಿಟ್ಟು ಪಾತ್ರೆ, ಡಬ್ಬಿ, ಉಪಕರಣ ಎಲ್ಲ ಸೇರಿ 187 ಆದವು. ಪ್ರತಿಯೊಂದಕ್ಕೂ ಚಿಕ್ಕ ಚೀಟಿ ಅಂಟಿಸಿ, ಬಳಸಿದೊಡನೆ ಅದನ್ನು ಕಿತ್ತುಹಾಕಬೇಕೆಂದು ಗೊತ್ತುಮಾಡಿದೆವು. “ಮನೀನ ಬ್ಯಾಂಕ್ ಮಾಡಬ್ಯಾಡ್ರಿ” ಎಂದು ಪತ್ನಿ ಗೊಣಗಿದರೂ ಮೊದಲ ವಾರದ ನಂತರ ಆಕೆಗೇ ಕುತೂಹಲ ಹುಟ್ಟಿತು. ತಿಂಗಳ ಕೊನೆಗೆ ಚೀಟಿ ಕಳೆದುಕೊಂಡವು 71. ಚೀಟಿ ಹೊತ್ತೇ ಕುಳಿತಿದ್ದವು 116. ಮದುವೆಗೆ ಬಂದ ಮೂರು ಶರಬತ್ತಿನ ಸೆಟ್ಟುಗಳು, ಹಿಡಿಕೆ ಹೋದ ಕುಕ್ಕರು, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಮಿಠಾಯಿ ಅಂಗಡಿಯ ಪ್ಲಾಸ್ಟಿಕ್ ಪೆಟ್ಟಿಗೆಗಳು. ವಾಣಿಜ್ಯಶಾಸ್ತ್ರದಲ್ಲಿ ಇಂಥದನ್ನು ಸತ್ತ ದಾಸ್ತಾನು ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲನ್ನು ವಿಲೇವಾರಿ ಮಾಡಿದೆವು.

ಆದರೆ ಚೀಟಿ ಹೊತ್ತಿದ್ದ 116ರಲ್ಲಿ ಆ ಹಿತ್ತಾಳೆಯ ಪರಾತವೂ ಇತ್ತು. ಇಲ್ಲಿ ಬ್ಯಾಂಕಿನ ನಿಯಮವೇ ನನಗೆ ಬುದ್ಧಿ ಹೇಳಿತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದ ಉಳಿತಾಯ ಖಾತೆಯನ್ನು ನಾವು ನಿಷ್ಕ್ರಿಯವೆಂದು ವರ್ಗೀಕರಿಸುತ್ತೇವೆ. ಹಾಗೆಂದು ಅದರ ಹಣ ನಮ್ಮದಾಗುವುದಿಲ್ಲ. ಹತ್ತು ವರ್ಷಗಳಾಗಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾದ ಮೇಲೂ ಒಡೆಯರು ಬಂದು ಕೇಳಿದರೆ ಕೊಡಲೇಬೇಕು. ಅವ್ವನ ಪಾತ್ರೆಗಳ ವಿಷಯದಲ್ಲಿ ನಾನು ಮ್ಯಾನೇಜರನೇ ಹೊರತು ಒಡೆಯನಲ್ಲ. ಯಾವುದು ಇರಬೇಕು, ಯಾವುದು ಹೋಗಬೇಕೆಂಬುದನ್ನು ಅವಳಿಗೇ ಬಿಟ್ಟೆವು. ನಾನು ನಿರೀಕ್ಷಿಸಿದುದಕ್ಕಿಂತ ಹೆಚ್ಚನ್ನು ಅವಳು ತಾನಾಗಿಯೇ ಕೊಟ್ಟುಬಿಟ್ಟಳು. ದೊಡ್ಡ ತಾಮ್ರದ ಹಂಡೆಯಂತೂ ನಮ್ಮ ಸಂಘದ ಕೋಣೆಯನ್ನು ಸೇರಿದೆ. ವಾರ್ಷಿಕೋತ್ಸವದ ದಿನ ಬಿಸಿನೀರು ಕಾಯುವುದು ಅದರಲ್ಲಿಯೇ. ಪರಾತ ಮಾತ್ರ ಉಳಿಯಿತು. ಅದಕ್ಕೆ ಅಟ್ಟವೂ ಬೇಕಾಗಲಿಲ್ಲ. ಬಾಗಿಲ ಹಿಂದಿನ ಗೋಡೆಗೆ ಅವಳ ಭುಜದ ಎತ್ತರದಲ್ಲಿ ಗಟ್ಟಿಯಾದ ಕೊಕ್ಕೆ ಹಾಕಿ ತೂಗುಹಾಕಿದೆವು. ಅಷ್ಟು ದೊಡ್ಡ ಪರಾತ ಗೋಡೆಗೊರಗಿದರೆ ಹಿಡಿಯುವುದು ನಾಲ್ಕೇ ಅಂಗುಲ.

ಕಟ್ಟೆಯ ಮೇಲಣ ಗೋಡೆಗೆ ಐದಂಗುಲ ಅಗಲದ ಎರಡು ಹಲಗೆಗಳನ್ನು ಹೊಡೆಸಿದೆವು. ಅಗಲ ಕಡಿಮೆಯಾದಷ್ಟೂ ಒಳ್ಳೆಯದು; ಡಬ್ಬಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಒಂದರ ಹಿಂದೆ ಇನ್ನೊಂದು ಅಡಗುವುದಿಲ್ಲ. ಒಲೆಯ ನೇರಕ್ಕೆ ಮಾತ್ರ ಏನನ್ನೂ ಹಾಕಲಿಲ್ಲ. ಉರಿಯ ಮೇಲೆ ಕೈಚಾಚಿದರೆ ಸೆರಗಿಗೆ ಬೆಂಕಿ ತಗಲುವ ಭಯವಿದೆ. ಎಣ್ಣೆಯನ್ನೂ ಒಲೆಯ ಪಕ್ಕದಿಂದ ದೂರ ಸರಿಸಿದೆವು, ಶಾಖಕ್ಕೂ ಬೆಳಕಿಗೂ ಅದು ಬೇಗ ಕಮಟುತ್ತದೆ. ಕುಕ್ಕರು, ಮಿಕ್ಸರು ಮುಂತಾದ ಭಾರದ ವಸ್ತುಗಳು ಸೊಂಟದ ಮಟ್ಟದಲ್ಲಿ. ಅಟ್ಟದಲ್ಲಿ ಈಗಿರುವುದು ಖಾಲಿ ಸೂಟ್‌ಕೇಸು, ದೀಪಾವಳಿಯ ಆಕಾಶಬುಟ್ಟಿ. ಅವನ್ನು ಇಳಿಸುವ ಹೊಣೆ ನನ್ನದು.

ರೊಟ್ಟಿಯ ಪ್ರಶ್ನೆ ಇಷ್ಟು ಸುಲಭವಾಗಿರಲಿಲ್ಲ. ನಮ್ಮ ಕಟ್ಟೆಯ ಎತ್ತರ 34 ಅಂಗುಲ. ಹಿಟ್ಟು ನಾದುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಕೆಲಸದ ಮಟ್ಟ ಮೊಣಕೈಗಿಂತ ಸಾಕಷ್ಟು ಕೆಳಗಿರಬೇಕು, ಇಲ್ಲವಾದರೆ ಭುಜವೆತ್ತಿ ಬಡಿಯಬೇಕಾಗಿ ಹೆಗಲು, ಕತ್ತು ನೋಯುತ್ತವೆ. ಅವ್ವ ಜೀವಮಾನವೆಲ್ಲ ನೆಲದ ಮೇಲೆ ಕುಳಿತು ರೊಟ್ಟಿ ಮಾಡಿದವಳು. ಈಗ ಕುಳಿತರೆ ಏಳಲು ಮೊಣಕಾಲು ಒಪ್ಪುವುದಿಲ್ಲ. ಕಡೆಗೆ ಬಡಗಿಯೊಬ್ಬನಿಂದ ಕಿಟಕಿಯ ಕೆಳಗೆ, ನೆಲದಿಂದ 25 ಅಂಗುಲ ಎತ್ತರದಲ್ಲಿ, ಕೀಲುಗಳ ಮೇಲೆ ಮಡಚುವ ಹಲಗೆಯೊಂದನ್ನು ಮಾಡಿಸಿದೆವು. ಬೇಡವಾದಾಗ ಗೋಡೆಗೆ ಅಂಟಿಕೊಂಡಿರುತ್ತದೆ. ಗಟ್ಟಿ ಮರದ ಕುರ್ಚಿಯ ಮೇಲೆ ಕುಳಿತು ಅವ್ವ ಬಡಿಯುತ್ತಾಳೆ, ಪತ್ನಿ ಹಂಚಿನ ಮೇಲೆ ಬೇಯಿಸುತ್ತಾಳೆ. ಮಣಿಕಟ್ಟಿಗೆ ಹೇಳಿಕೊಟ್ಟಿದ್ದ ವ್ಯಾಯಾಮಗಳ ಜೊತೆಗೆ ಈ ರೊಟ್ಟಿಯೂ ಸೇರಿತು. ವೈದ್ಯರನ್ನು ಕೇಳಿಯೇ ಪ್ರಾರಂಭಿಸಿದೆವೆನ್ನಿ. ಮೊದಲ ದಿನ ಎರಡು ರೊಟ್ಟಿ, ಅದೂ ದಪ್ಪ.

ಜೋಳವೆಂದಾಗ ಕಾಳುಕಡಿಗಳ ಮಾತು ಬಂತು. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಜೋಳ ತುಂಬಿಡುವುದು ವಾಡಿಕೆ. ಮುಂಬಯಿಯ ಮಳೆಗಾಲದ ತೇವದಲ್ಲಿ ಅದು ನಡೆಯದು. ಹಣವೂ ಜಾಗವೂ ಸಿಕ್ಕಿಹಾಕಿಕೊಂಡು ಹುಳುಗಳಷ್ಟೇ ಸುಖಪಡುತ್ತವೆ. ಊರಿನ ಬಿಳಿಜೋಳ ಬೇಕೆಂಬ ಅವ್ವನ ಹಟಕ್ಕೆ ಮಣಿದು ಮೂರು ತಿಂಗಳಿಗಾಗುವಷ್ಟು ತರಿಸುತ್ತೇವೆ. ಅದನ್ನೂ ಕಾಳಾಗಿಯೇ ಇಟ್ಟು, ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸುತ್ತೇವೆ, ಏಕೆಂದರೆ ಬೀಸಿದಾಗ ಕಾಳಿನೊಳಗಿನ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಹಿಟ್ಟು ಬೇಗ ಕಹಿಯಾಗುತ್ತದೆ. ಹೊಸದು ಹಿಂದೆ, ಹಳೆಯದು ಮುಂದೆ. ಡಬ್ಬಿಯ ಮೇಲೆ ತಂದ ತಾರೀಖು.

ಶೇಂಗಾದ ವಿಷಯದಲ್ಲಿ ಮಾತ್ರ ವಾಚಕರನ್ನು ವಿಶೇಷವಾಗಿ ಎಚ್ಚರಿಸಬಯಸುತ್ತೇನೆ, ಏಕೆಂದರೆ ಉತ್ತರ ಕರ್ನಾಟಕದವರ ಊಟದಲ್ಲಿ ಶೇಂಗಾ ಚಟ್ನಿಯಿಲ್ಲದ ದಿನವಿಲ್ಲ. ತೇವಕ್ಕೆ ಸಿಕ್ಕಿದ ಶೇಂಗಾದಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಅದು ಯಕೃತ್ತಿಗೆ ಹಾನಿಕರ, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮನೆಯಲ್ಲಿ ಹುರಿಯುವುದರಿಂದ ಅದು ಪೂರ್ಣ ನಾಶವಾಗುವುದಿಲ್ಲ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕಾದ ಕಾಳುಗಳನ್ನು ತೊಳೆದು ಒಣಗಿಸಿ ಉಳಿಸಿಕೊಳ್ಳುವ ಮಿತವ್ಯಯ ಬೇಡ, ಎಸೆದುಬಿಡಬೇಕು. ಸಿಂಕಿನ ಕೆಳಗಿನ ಗೂಡಿನಲ್ಲಿ ತಿನ್ನುವ ಯಾವುದನ್ನೂ ಇಡಲಾಗದು. ಅಲ್ಲಿ ತೇವ, ಜಿರಲೆ ಎರಡೂ ಉಂಟು. ಅಲ್ಲಿಡುವ ಫಿನಾಯಿಲನ್ನು ಶರಬತ್ತಿನ ಹಳೆಯ ಬಾಟಲಿಗೆ ತುಂಬುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಅಪಾಯಕರವಾದದ್ದು ಇನ್ನೊಂದಿಲ್ಲ. ಆಲೂಗಡ್ಡೆಗೆ ಕತ್ತಲೂ ಗಾಳಿಯೂ ಬೇಕು, ಬೆಳಕಿಗೆ ಹಸಿರಾದ ಆಲೂಗಡ್ಡೆಯಲ್ಲಿ ವಿಷಾಂಶ ಹೆಚ್ಚುತ್ತದೆ.

2023ರಲ್ಲಿ ನಮ್ಮ ಕಟ್ಟಡಕ್ಕೆ ಕೊಳವೆಯ ಅನಿಲ ಬಂದುದರಿಂದ 14.2 ಕಿಲೋ ಅನಿಲದ ಸಿಲಿಂಡರು ಕೂರುತ್ತಿದ್ದ ಜಾಗ ಬಿಡುವಾಯಿತು. ಚಕ್ರದ ಮಣೆಯ ಮೇಲೆ ಜೋಳ, ಅಕ್ಕಿಯ ಡಬ್ಬಿಗಳು ಅಲ್ಲಿ ನಿಂತಿವೆ, ಎಳೆದರೆ ಬರುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ; ಸೋರಿದರೆ ನೆಲಮಟ್ಟದಲ್ಲಿ ಹರಡುತ್ತದೆ, ಆದ್ದರಿಂದ ಅದನ್ನಿಡುವ ಗೂಡಿನ ಬಾಗಿಲಿಗೆ ಕೆಳಗಡೆ ರಂಧ್ರಗಳಿರಬೇಕು. ಕೊಳವೆಯ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಪಾರಿವಾಳಗಳ ಕಾಟಕ್ಕೆ ಮೇಲಿನ ಗವಾಕ್ಷಿಯನ್ನು ಗಾಜಿನಿಂದ ಮುಚ್ಚಿಸಬೇಕೆಂದಿದ್ದ ಪತ್ನಿ ಇದನ್ನು ಕೇಳಿದ ಮೇಲೆ ಜಾಳಿಗೆ ಹಾಕಿಸಿದಳು.

ಈಳಿಗೆಮಣೆ ಎಲ್ಲಿರಬೇಕೆಂಬ ಬಗ್ಗೆ ಅತ್ತೆ-ಸೊಸೆಯರಲ್ಲಿ ಇನ್ನೂ ಏಕಾಭಿಪ್ರಾಯ ಮೂಡಿಲ್ಲ. ಬೆಳಿಗ್ಗೆ ಒಂದು ಕಡೆ ಇದ್ದದ್ದು ಸಂಜೆ ಇನ್ನೊಂದು ಕಡೆ ಸಿಗುತ್ತದೆ. ಆ ತಕರಾರಿನಲ್ಲಿ ನಾನು ತಲೆಹಾಕುವುದಿಲ್ಲ. ಪ್ಲಾಸ್ಟಿಕ್ ಸ್ಟೂಲನ್ನು ಎಸೆಯಲು ಅವ್ವ ಬಿಡಲಿಲ್ಲ. ಕಿಟಕಿಯ ಹೊರಗಿನ ಗ್ರಿಲ್ಲಿನಲ್ಲಿ ಅದರ ಮೇಲೆ ತುಳಸಿಯ ಕುಂಡವನ್ನಿಟ್ಟಿದ್ದಾಳೆ.