ದೇವರದು ಒಂದು ಸಾಲು, ಮಂದಿಯದು ನೂರು ಲೆಕ್ಕ

ಗ್ರೀಕ್ ದೇವತೆಗಳೆಂದರೆ ನಮ್ಮ ಮಕ್ಕಳಿಗೆ ಸಿನಿಮಾ, ವಿಡಿಯೊ ಗೇಮ್‌ಗಳ ಪಾತ್ರಗಳು. ಸಿಡಿಲು ಹಿಡಿದ ಜ್ಯೂಸ್, ಅವನ ಸಿಡುಕಿನ ಹೆಂಡತಿ ಹೀರಾ, ತ್ರಿಶೂಲದ ಪೊಸೈಡನ್, ಯುದ್ಧಕ್ಕೂ ಬುದ್ಧಿಗೂ ಒಡತಿಯಾದ ಅಥೀನಾ, ಹೀಗೆ ಒಲಿಂಪಸ್ ಬೆಟ್ಟದ ಮೇಲೆ ಒಂದು ದೊಡ್ಡ ಜಗಳಗಂಟ ಮನೆತನ. ಆದರೆ ಅಂದಿನ ಗ್ರೀಕ್ ರೈತನಿಗೆ, ಹಡಗಿನವನಿಗೆ ಇವರು ಬರೀ ಕಥೆಯಾಗಿರಲಿಲ್ಲ. ಸಮುದ್ರಕ್ಕಿಳಿಯುವ ಮುಂಚೆ ಪೊಸೈಡನ್‌ಗೆ ಹರಕೆ. ಬಿತ್ತನೆಯ ಹೊತ್ತಿಗೆ ಪೈರಿನ ತಾಯಿ ಡಿಮೀಟರ್‌ಗೆ ಹೆಣ್ಣುಮಕ್ಕಳೇ ಸೇರಿ ಮಾಡುವ ಹಬ್ಬ. ಅದೂ ಹೆಚ್ಚುಕಡಿಮೆ ನಾವು ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವ ದಿನಗಳಲ್ಲೇ ಬರುತ್ತಿತ್ತು. ಇನ್ನು ಮುಂದೇನಾದೀತು ಎಂದು ಕೇಳಬೇಕಾದರೆ ಹೋಗುತ್ತಿದ್ದದ್ದು ಅಪೊಲೊ ಹತ್ತಿರ.

ನನ್ನದು ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಮುಂದೇನಾದೀತು ಎಂಬ ಪ್ರಶ್ನೆ ಇಟ್ಟುಕೊಳ್ಳದೆ ನನ್ನ ಕಟ್ಟೆ ಹತ್ತುವ ಗಿರಾಕಿ ಇಲ್ಲ. ಹಾಗಾಗಿ ಅಪೊಲೊನ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ತಾಲ್ಲೂಕಿನ ದೇವರಗುಡ್ಡ.

ಅಲ್ಲಿನ ದೇವರು ಮಾಲತೇಶ. ಹೊಳೆಯಾಚೆ ಹಡಗಲಿ ತಾಲ್ಲೂಕಿನ ಮೈಲಾರಲಿಂಗನೂ ಅವನೇ, ಮಹಾರಾಷ್ಟ್ರದ ಖಂಡೋಬನೂ ಅವನೇ. ಮೈಲಾರದಲ್ಲಿ ಕಾರ್ಣಿಕ, ಅಂದರೆ ದೇವರ ಭವಿಷ್ಯವಾಣಿ, ಭರತ ಹುಣ್ಣಿಮೆಯ ಜಾತ್ರೆಗೆ. ದೇವರಗುಡ್ಡದಲ್ಲಿ ಆಯುಧಪೂಜೆಯ ದಿನ. ನವರಾತ್ರಿಯುದ್ದಕ್ಕೂ ಉಪವಾಸವಿದ್ದ ದೇವರ ಸೇವಕ ಗೊರವಪ್ಪ ಆಳೆತ್ತರ ಮೀರಿದ ಬಿಲ್ಲನ್ನು ಸರಸರನೆ ಏರುತ್ತಾನೆ. ಕೆಳಗೆ ಕಪ್ಪು ಕಂಬಳಿ, ಡಮರುಗ, ಗಾಳಿಯ ತುಂಬ ಭಂಡಾರದ ಹಳದಿ ಪುಡಿ. ತುದಿಯಲ್ಲಿ ನಿಂತು ಆಕಾಶ ದಿಟ್ಟಿಸಿ ಅವನು ‘ಸದ್ದಲೇ’ ಎಂದು ಕೂಗಿದರೆ ಅಷ್ಟು ದೊಡ್ಡ ಮಂದಿ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲು, ಕೊನೆಗೊಂದು ‘ಪರಾಕ್’, ಮರುಗಳಿಗೆಗೆ ಮೇಲಿಂದ ಬಿದ್ದೇಬಿಡುತ್ತಾನೆ. ಕೆಳಗಿದ್ದವರು ಕೈಯೊಡ್ಡಿ ಹಿಡಿಯುತ್ತಾರೆ. ಮುಗಿಯಿತು, ವಿವರಣೆ ಇಲ್ಲ.

ಗ್ರೀಸಿನಲ್ಲಿ ಅಪೊಲೊ ಹೀಗೆ ನುಡಿಯುತ್ತಿದ್ದ ಜಾಗ ಡೆಲ್ಫಿ, ಪಾರ್ನಾಸಸ್ ಬೆಟ್ಟದ ಇಳಿಜಾರಿನಲ್ಲಿದೆ. ನಮ್ಮ ಮೈಲಾರಲಿಂಗ ಮಣಿಕಾಸುರ, ಮಲ್ಲಾಸುರರನ್ನು ಕೊಂದವನು. ಅಪೊಲೊ ಪೈಥಾನ್ ಎಂಬ ಮಹಾಸರ್ಪವನ್ನು ಕೊಂದು ಆ ಜಾಗ ಹಿಡಿದವನು. ಅಲ್ಲಿ ದೇವರ ಬಾಯಾಗಿ ನುಡಿಯುತ್ತಿದ್ದವಳು ಪಿಥಿಯಾ ಎಂಬ ಹೆಣ್ಣುಮಗಳು. ಡೆಲ್ಫಿಯಲ್ಲಿ ಪೂಜಾರಿಯಾಗಿದ್ದ ಲೇಖಕ ಪ್ಲೂಟಾರ್ಕ್, ತನ್ನ ಕಾಲದ ಪಿಥಿಯಾ ಬಡ ರೈತರ ಮನೆಯವಳು, ವಿದ್ಯೆ ಕಲಿತವಳಲ್ಲ ಎಂದು ಬರೆದಿದ್ದಾನೆ. ತಿಂಗಳ ಏಳನೆಯ ದಿನ ಮಾತ್ರ ಅವಳು ಮುಕ್ಕಾಲಿ ಪೀಠದ ಮೇಲೆ ಕೂರುತ್ತಿದ್ದಳು. ಚಳಿಗಾಲದ ಮೂರು ತಿಂಗಳು ಅದೂ ಇಲ್ಲ, ಅಪೊಲೊ ಬಡಗಣ ದೇಶಕ್ಕೆ ಹೋಗಿರುತ್ತಾನೆಂದು ನಂಬಿಕೆ. ಕೇಳುವ ಮುಂಚೆ ಆಡಿನ ಮೇಲೆ ತಣ್ಣೀರು ಚಿಮುಕಿಸುತ್ತಿದ್ದರು. ಅದು ಮೈ ಒದರಿದರೆ ದೇವರು ಒಪ್ಪಿದ, ಒದರದಿದ್ದರೆ ಆ ದಿನ ಪ್ರಶ್ನೆಯೇ ಇಲ್ಲ. ನಮ್ಮ ಹಳ್ಳಿಯ ಹಿರಿಯರಿಗೆ ಈ ಪದ್ಧತಿ ಬಿಡಿಸಿ ಹೇಳಬೇಕಿಲ್ಲ.

ವ್ಯತ್ಯಾಸವೂ ಇದೆ. ಡೆಲ್ಫಿಯಲ್ಲಿ ಸರದಿ ಇತ್ತು, ಕಾಣಿಕೆ ಇತ್ತು, ದೊಡ್ಡವರಿಗೆ ಸರದಿ ತಪ್ಪಿಸಿ ಒಳಹೋಗುವ ಹಕ್ಕೂ ಇತ್ತು. ಲಿಡಿಯಾದ ದೊರೆ ಕ್ರೀಸಸ್ ರಾಶಿ ಚಿನ್ನ ಸುರಿದು ಆ ಹಕ್ಕು ಪಡೆದಿದ್ದ. ದೇವರಗುಡ್ಡದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ದೇವರೇ ಎಲ್ಲರಿಗೂ ಸೇರಿಸಿ ಒಂದು ಮಾತು ಆಡುತ್ತಾನೆ. ಮಂತ್ರಿಗೂ ಕುರಿ ಕಾಯುವವನಿಗೂ ಅದೇ ಸಾಲು. ತನ್ನ ಪ್ರಶ್ನೆಯನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಅವರವರ ಪಾಡು.

ಸಾಮಾನ್ಯರ ಪ್ರಶ್ನೆಗಳು ಹೇಗಿದ್ದವೆಂದು ತಿಳಿಯಬೇಕಾದರೆ ಗ್ರೀಸಿನ ವಾಯವ್ಯದ ಡೊಡೋನಾ ನೋಡಬೇಕು. ಅಲ್ಲಿ ಜ್ಯೂಸ್ ಓಕ್ ಮರದ ಎಲೆಗಳ ಸದ್ದಿನಲ್ಲಿ ನುಡಿಯುತ್ತಿದ್ದನಂತೆ. ಅವನ ಸೇವಕರು ಕಾಲು ತೊಳೆಯದೆ ಬರಿ ನೆಲದ ಮೇಲೆ ಮಲಗುವವರೆಂದು ಕವಿ ಹೋಮರ್ ಹೇಳುತ್ತಾನೆ. ಭಕ್ತರು ಸೀಸದ ತೆಳು ತಗಡಿನ ಮೇಲೆ ಪ್ರಶ್ನೆ ಗೀಚಿ ಸುರುಳಿ ಸುತ್ತುತ್ತಿದ್ದರು. ಅಂಥ ಸಾವಿರಾರು ತಗಡುಗಳು ಸಿಕ್ಕಿವೆ. ಒಬ್ಬನಿಗೆ ಕುರಿ ಸಾಕಿದರೆ ಲಾಭವಾದೀತೇ ಎಂಬ ಚಿಂತೆ. ಇನ್ನೊಬ್ಬನ ಕಂಬಳಿ, ದಿಂಬು ಕಾಣೆಯಾಗಿವೆ, ಹೊರಗಿನವರು ಕದ್ದರೇ ಎಂಬ ಗುಮಾನಿ. ಮತ್ತೊಬ್ಬನಿಗೆ ಹೆಂಡತಿಯ ಬಸಿರಿನ ಬಗ್ಗೆಯೇ ಅನುಮಾನ. ಇವರಿಗೆ ದೇವರು ಬೇಕಾಗಿದ್ದದ್ದು ಮೋಕ್ಷಕ್ಕಲ್ಲ, ಕುರಿ ಕೊಳ್ಳಲೋ ಬೇಡವೋ ಎನ್ನುವುದಕ್ಕೆ.

ದೇವರ ಮಾತಿಗಿಂತ ಅದನ್ನು ಕೇಳಿಸಿಕೊಳ್ಳುವ ರೀತಿ ದೊಡ್ಡದು ಎನ್ನುವುದಕ್ಕೆ ಡೆಲ್ಫಿಯ ಎರಡು ಪ್ರಸಂಗಗಳು ಸಾಕು. ಎರಡನ್ನೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. ಪರ್ಷಿಯದ ಮೇಲೆ ದಂಡೆತ್ತಿ ಹೋಗಲೇ ಎಂದು ಕ್ರೀಸಸ್ ಕೇಳಿದ. ಹೋದರೆ ದೊಡ್ಡ ಸಾಮ್ರಾಜ್ಯವೊಂದು ಅಳಿಯುತ್ತದೆ ಎಂದು ಉತ್ತರ ಬಂತು. ಯಾವ ಸಾಮ್ರಾಜ್ಯ ಎಂದು ಕೇಳದೆ ಹೊರಟವನು ಕ್ರಿ.ಪೂ. 546ರ ಸುಮಾರಿಗೆ ತನ್ನ ರಾಜ್ಯವನ್ನೇ ಕಳೆದುಕೊಂಡ. ಮುಂದೆ ಪರ್ಷಿಯದವರು ಅಥೆನ್ಸ್ ಮೇಲೆ ಬಂದಾಗ, ಮರದ ಗೋಡೆ ನಿಮ್ಮನ್ನು ಕಾಯುತ್ತದೆ ಎಂದಳು ಪಿಥಿಯಾ. ಅಥೆನ್ಸಿನವರು ಸಭೆ ಸೇರಿ ವಾದಕ್ಕಿಳಿದರು. ಕೋಟೆಗುಡ್ಡದ ಬೇಲಿ ಎಂದರು ಕೆಲವರು. ಮರದ ಗೋಡೆ ಎಂದರೆ ನಮ್ಮ ಹಡಗುಗಳು ಎಂದ ಅವರ ನಾಯಕ ಥೆಮಿಸ್ಟೊಕ್ಲಿಸ್. ಬಹುಮಂದಿ ಅವನ ಮಾತು ಒಪ್ಪಿದರು, ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರದಲ್ಲಿ ಪರ್ಷಿಯದ ನೌಕಾಪಡೆ ಸೋತಿತು. ಒಬ್ಬನೇ ಅರ್ಥ ಮಾಡಿಕೊಂಡ ದೊರೆ ಕೆಟ್ಟ, ಹತ್ತು ಮಂದಿ ಜಗಳಾಡಿ ಅರ್ಥ ಹುಡುಕಿದ ಊರು ಉಳಿಯಿತು. ಕ್ರಿ.ಶ. 4ನೇ ಶತಮಾನದ ಕೊನೆಗೆ ರೋಮಿನ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರ ಪೂಜೆಯನ್ನೇ ನಿಷೇಧಿಸಿದ, ಡೆಲ್ಫಿ ಮೌನವಾಯಿತು.

ನಮ್ಮದು ಇನ್ನೂ ಮಾತಾಡುತ್ತಿದೆ, ಜಗಳವೂ ನಡೆದಿದೆ. ಕಾರ್ಣಿಕದ ಮರುದಿನ ಅಂಗಡಿಯ ಕಟ್ಟೆ ನೋಡಬೇಕು. ಗೋವಿನಜೋಳ ಒಕ್ಕಿ ಹಾಕಿದವನಿಗೆ ಮಳೆ ಬೇಡ. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುವವನಿಗೆ ಮಳೆ ಬೇಕು. ಬ್ಯಾಡಗಿ ಮೆಣಸಿನಕಾಯಿ ಹಾಕಿದವನ ಗಿಡದಲ್ಲಿ ಇನ್ನೂ ಹೂವು, ಆಗಲೇ ಅವನ ಮನಸ್ಸು ಜನವರಿಯಲ್ಲಿ ಸೋಮವಾರ, ಗುರುವಾರ ನಡೆಯುವ ಮಾರುಕಟ್ಟೆಯ ಟೆಂಡರಿನಲ್ಲಿ. ಗೊರವಪ್ಪ ಸಿಡಿಲು ಅಂದರೆ ಒಬ್ಬನಿಗೆ ಅದು ಮಳೆ, ಒಬ್ಬನಿಗೆ ರೇಟು ಬೀಳುವ ಸೂಚನೆ, ಪೇಪರ್ ಹಿಡಿದು ಕೂತವನಿಗೆ ಸರ್ಕಾರ ಬೀಳುವ ಸುದ್ದಿ. ವಾದ ಏರುತ್ತಿದ್ದಂತೆ ಯಾರ ಹೊಲ ಎಷ್ಟು ಹಸಿ ಇದೆ, ಯಾರು ಸಾಲ ಮಾಡಿದ್ದಾರೆ, ಯಾರು ಏನು ಬಿತ್ತುತ್ತಾರೆ, ಎಲ್ಲ ಹೊರಬೀಳುತ್ತದೆ. ವರ್ಷದಲ್ಲಿ ಇಷ್ಟು ಬಿಚ್ಚುಮನಸ್ಸಿನ ಮಾತು ನನ್ನ ಕಟ್ಟೆಯ ಮೇಲೆ ಇನ್ನೊಮ್ಮೆ ನಡೆಯುವುದಿಲ್ಲ. ಕಾರ್ಣಿಕ ನಿಜವಾಯಿತೇ ಎಂದು ಕೇಳುವವರಿಗೆ ನಾನು ತೋರಿಸುವ ಫಲ ಇದೇ.

ಒಮ್ಮೆ ಹೀಗೇ ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದ ಹಿರಿಯರೊಬ್ಬರು ಕೊನೆಗೆ ಎದ್ದು ಪಂಚೆ ಕೊಡವಿಕೊಂಡರು. ‘ಮಳಿ ಮಾತ ಆಡ್ಯಾನ ಮೈಲಾರಪ್ಪ, ರೇಟಿಂದೇನೂ ಆಡಿಲ್ಲ. ಅದನ್ನ ನಾವ ನೋಡ್ಕಬೇಕು. ಕಡ್ಲಿ ಬೀಜ ಎರಡು ಚೀಲ ಹಾಕ್ರಿ ಸಾವ್ಕಾರ್ರ.’