ಸ್ವಂತ ಕಾರಿನಲ್ಲಿ ಪ್ರಥಮ ಬಾರಿಗೆ ನೇಪಾಳ ಪ್ರವಾಸ: ವಾಹನ ಮಾಲೀಕರು ಮಾಡಿಕೊಳ್ಳಬೇಕಾದ ಪೂರ್ವಸಿದ್ಧತೆಗಳು

ಪಶುಪತಿನಾಥ ಹಾಗೂ ಮುಕ್ತಿನಾಥ ಕ್ಷೇತ್ರಗಳ ದರ್ಶನಕ್ಕಾಗಿ ರಾಜ್ಯದ ಅನೇಕ ಕುಟುಂಬಗಳು ಸ್ವಂತ ಕಾರಿನಲ್ಲಿಯೇ ನೇಪಾಳಕ್ಕೆ ಪ್ರಯಾಣ ಬೆಳೆಸುತ್ತವೆ. ಬೆಂಗಳೂರಿನಿಂದ ಉತ್ತರ ಪ್ರದೇಶದ ಸುನೌಲಿ ಗಡಿಗೆ 2,000 ಕಿ.ಮೀ.ಗೂ ಅಧಿಕ ದೂರವಿರುತ್ತದೆ. ಇಷ್ಟು ದೂರ ಕ್ರಮಿಸಿದ ನಂತರ ಒಂದು ದಾಖಲೆಯ ಕೊರತೆಯಿಂದ ಹಿಂದಿರುಗುವಂತಾಗಬಾರದು. ಅದಕ್ಕಿಂತ ಮುಖ್ಯವಾಗಿ, ಗಡಿಯಾಚೆ ಅಪಘಾತ ಸಂಭವಿಸಿದಲ್ಲಿ ವಿಮೆಯ ರಕ್ಷಣೆಯಿಲ್ಲದೆ ಕುಟುಂಬವು ಸಂಕಷ್ಟಕ್ಕೆ ಒಳಗಾಗಬಾರದು. ಈ ದೃಷ್ಟಿಯಿಂದ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಈ ಮಾಹಿತಿಯು ಬಾಡಿಗೆ ವಾಹನಗಳಿಗೆ ಅನ್ವಯಿಸುವುದಿಲ್ಲ.

1. ವಾಹನದ ದಾಖಲೆಗಳು

ನೋಂದಣಿ ಪ್ರಮಾಣ ಪತ್ರ, ಚಾಲನಾ ಅನುಜ್ಞಾ ಪತ್ರ, ವಿಮಾ ಪಾಲಿಸಿ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ, ಈ ನಾಲ್ಕೂ ದಾಖಲೆಗಳು ಪ್ರವಾಸ ಮುಗಿಸಿ ಊರಿಗೆ ಮರಳುವ ದಿನಾಂಕದವರೆಗೆ ಚಾಲ್ತಿಯಲ್ಲಿರಬೇಕು. ಹೊರಡುವ ದಿನದಂದು ಚಾಲ್ತಿಯಲ್ಲಿದ್ದರೆ ಸಾಲದು. ನೋಂದಣಿಯಾಗಿ 15 ವರ್ಷ ಸಮೀಪಿಸುತ್ತಿರುವ ಕಾರುಗಳ ಮಾಲೀಕರು ಈ ಅಂಶವನ್ನು ವಿಶೇಷವಾಗಿ ಪರಿಶೀಲಿಸಿಕೊಳ್ಳತಕ್ಕದ್ದು.

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸುವ ದಾಖಲೆಗಳಿಗೆ ಭಾರತದೊಳಗೆ ಮಾನ್ಯತೆ ಇರುತ್ತದೆ. ಗಡಿಯಾಚೆ ಅವುಗಳನ್ನೇ ಅವಲಂಬಿಸಬಾರದು. ಮೂಲ ಕಾರ್ಡುಗಳನ್ನು ಹಾಗೂ ಪ್ರತಿಯೊಂದರ ಮೂರು ನಾಲ್ಕು ಜೆರಾಕ್ಸ್ ಪ್ರತಿಗಳನ್ನು ಜೊತೆಯಲ್ಲಿ ಒಯ್ಯುವುದು.

ವಾಹನವು ಚಾಲಕರ ಹೆಸರಿನಲ್ಲಿ ಇಲ್ಲದಿದ್ದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಪತ್ರ ಅವಶ್ಯಕ. ಉದಾಹರಣೆಗೆ, ವಿದೇಶದಲ್ಲಿ ಉದ್ಯೋಗದಲ್ಲಿರುವ ಮಗನ ಹೆಸರಿನ ಕಾರನ್ನು ತಂದೆಯವರು ಚಲಾಯಿಸಿಕೊಂಡು ಹೋಗುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ವಾಹನದ ಸಂಖ್ಯೆ, ಚಾಲಕರ ಹೆಸರು ಮತ್ತು ಪ್ರವಾಸದ ಅವಧಿಯನ್ನು ನಮೂದಿಸಿದ ಇಂಗ್ಲಿಷ್ ಭಾಷೆಯ ಪತ್ರವನ್ನು ಮಾಲೀಕರ ಸಹಿಯೊಂದಿಗೆ ಪಡೆದು, ನೋಟರಿ ಮಾಡಿಸಿಕೊಳ್ಳುವುದು ಸೂಕ್ತ. ಬ್ಯಾಂಕಿನ ಸಾಲ ಬಾಕಿ ಇರುವ ವಾಹನಗಳಿಗೆ ಬ್ಯಾಂಕಿನಿಂದಲೂ ಒಪ್ಪಿಗೆ ಪತ್ರ ಪಡೆಯುವುದು ಒಳ್ಳೆಯದು.

ಗಮನಿಸಿ: ಪ್ರಾದೇಶಿಕ ಸಾರಿಗೆ ಕಚೇರಿಯು ನಮೂನೆ 28ರಲ್ಲಿ ನೀಡುವ ನಿರಾಕ್ಷೇಪಣಾ ಪತ್ರವು ವಾಹನವನ್ನು ಬೇರೆ ನೋಂದಣಿ ಪ್ರಾಧಿಕಾರದ ವ್ಯಾಪ್ತಿಗೆ ವರ್ಗಾಯಿಸುವ ಸಂದರ್ಭಕ್ಕೆ ಸಂಬಂಧಿಸಿದ್ದು. ಪ್ರವಾಸದ ಉದ್ದೇಶಕ್ಕೆ ಅದು ಬೇಕಾಗಿರುವುದಿಲ್ಲ.

2. ವಿಮೆ: ಅತಿ ಮುಖ್ಯವಾದ ಅಂಶ

ಭಾರತದಲ್ಲಿ ನೀಡಲಾಗುವ ಮೋಟಾರು ವಿಮಾ ಪಾಲಿಸಿಯಲ್ಲಿ 'ಭೌಗೋಳಿಕ ವ್ಯಾಪ್ತಿ' ಎಂಬ ಕಲಂ ಇರುತ್ತದೆ. ಸಾಮಾನ್ಯವಾಗಿ ಅಲ್ಲಿ 'ಭಾರತ' ಎಂದು ಮಾತ್ರ ನಮೂದಾಗಿರುತ್ತದೆ. ಅಂದರೆ ಪೂರ್ಣ ಪ್ರಮಾಣದ ಪಾಲಿಸಿ ಹೊಂದಿದ್ದರೂ ಗಡಿ ದಾಟಿದ ಕ್ಷಣದಿಂದ ಅದರ ರಕ್ಷಣೆ ದೊರೆಯುವುದಿಲ್ಲ. ಆಚೆ ಬದಿಯಲ್ಲಿ ಪಾದಚಾರಿಗೆ ಅಪಘಾತವಾದರೆ ಪರಿಹಾರದ ಸಂಪೂರ್ಣ ಹೊಣೆ ವಾಹನ ಮಾಲೀಕರ ಮೇಲೆಯೇ ಬೀಳುತ್ತದೆ.

ಇದಕ್ಕೆ ಸುಲಭವಾದ ಪರಿಹಾರವಿದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್ ದೇಶಗಳಿಗೆ ಪಾಲಿಸಿಯ ವ್ಯಾಪ್ತಿಯನ್ನು ವಿಸ್ತರಿಸಲು ಅವಕಾಶವಿರುತ್ತದೆ. ಇದನ್ನು ವಿಮಾ ಕ್ಷೇತ್ರದಲ್ಲಿ 'ಐ.ಎಂ.ಟಿ. 1' ಹಿಂಬರಹ ಎಂದು ಕರೆಯಲಾಗುತ್ತದೆ. ಮಾಲೀಕರು ವಿಮಾ ಕಂಪನಿಗೆ ಲಿಖಿತ ಮನವಿ ಸಲ್ಲಿಸಿ, ಹೆಚ್ಚುವರಿ ಪ್ರೀಮಿಯಂ ಪಾವತಿಸಿ, ಹಿಂಬರಹದ ಮುದ್ರಿತ ಪ್ರತಿಯನ್ನು ಪಡೆದುಕೊಳ್ಳತಕ್ಕದ್ದು. ಏಜೆಂಟರು ದೂರವಾಣಿಯಲ್ಲಿ ನೀಡುವ ಬಾಯಿಮಾತಿನ ಭರವಸೆಯನ್ನು ನೆಚ್ಚಿಕೊಳ್ಳಬಾರದು. ಹಿಂಬರಹದಲ್ಲಿ ದೇಶದ ಹೆಸರು ಮತ್ತು ಅವಧಿ ಸರಿಯಾಗಿವೆಯೇ ಎಂದು ಓದಿ ನೋಡಿಕೊಳ್ಳುವುದು.

3. ಪ್ರಯಾಣಿಕರ ಗುರುತಿನ ದಾಖಲೆ

ನೇಪಾಳ ಪ್ರವೇಶಕ್ಕೆ ಭಾರತೀಯ ನಾಗರಿಕರಿಗೆ ವೀಸಾ ಅಗತ್ಯವಿಲ್ಲ. ಗುರುತಿಗಾಗಿ ಪಾಸ್‌ಪೋರ್ಟ್ ಅಥವಾ ಭಾರತ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಹೊಂದಿರಬೇಕು. ಆಧಾರ್ ಕಾರ್ಡ್ ಎಲ್ಲ ವಯಸ್ಸಿನವರಿಗೂ ಸಾಕಾಗುತ್ತದೆ ಎಂಬ ತಿಳುವಳಿಕೆ ಸರಿಯಲ್ಲ. 65 ವರ್ಷ ಮೇಲ್ಪಟ್ಟವರು ಮತ್ತು 15 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆಧಾರ್ ಮುಂತಾದ ಇತರ ದಾಖಲೆಗಳನ್ನು ಪರಿಗಣಿಸಲಾಗುತ್ತದೆ. 15ರಿಂದ 18 ವರ್ಷದೊಳಗಿನ ವಿದ್ಯಾರ್ಥಿಗಳ ಬಳಿ ಪಾಸ್‌ಪೋರ್ಟ್ ಇಲ್ಲದಿದ್ದಲ್ಲಿ, ಶಾಲಾ ಮುಖ್ಯಸ್ಥರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪ್ರಮಾಣ ಪತ್ರ ಪಡೆಯಬೇಕಾಗುತ್ತದೆ. ಶಾಲೆಗೆ ರಜೆ ಬರುವ ಮೊದಲೇ ಇದನ್ನು ಪಡೆದಿಟ್ಟುಕೊಳ್ಳುವುದು ಅನುಕೂಲಕರ.

4. ಗಡಿಯಲ್ಲಿ 'ಭನ್ಸಾರ್'

ಭನ್ಸಾರ್ ಎಂದರೆ ನೇಪಾಳಿ ಭಾಷೆಯಲ್ಲಿ ಸೀಮಾ ಸುಂಕ. ನೇಪಾಳದಲ್ಲಿ ಕಾರುಗಳ ಆಮದಿನ ಮೇಲೆ ಅತ್ಯಧಿಕ ಸುಂಕವಿರುವುದರಿಂದ, ಹೊರದೇಶದ ಕಾರು ಒಳಬಂದು ಅಲ್ಲಿಯೇ ಉಳಿಯದಂತೆ ಅಲ್ಲಿನ ಸರ್ಕಾರವು ನಿಗಾ ವಹಿಸುತ್ತದೆ. ಆದುದರಿಂದ ಪ್ರವಾಸಿಯ ವಾಹನವನ್ನು 'ತಾತ್ಕಾಲಿಕ ಆಮದು' ಎಂದು ಪರಿಗಣಿಸಿ, ದಿನವೊಂದಕ್ಕೆ ಇಂತಿಷ್ಟು ಎಂಬಂತೆ ಶುಲ್ಕ ಪಡೆದು ಅನುಮತಿ ಪತ್ರ ನೀಡಲಾಗುತ್ತದೆ. ಸುನೌಲಿ, ರಕ್ಸೌಲ್, ರುಪೈದಿಹಾ, ಬನಬಸಾ, ಪಾನಿಟಂಕಿ ಮುಂತಾದ ಗಡಿಗಳ ಆಚೆ ಬದಿಯ ಸುಂಕ ಕಚೇರಿಗಳಲ್ಲಿ ಈ ಪತ್ರವನ್ನು ಪಡೆಯಬಹುದು.

ಈ ಸಂಬಂಧ ಗಮನಿಸಬೇಕಾದ ಅಂಶಗಳು:

(ಅ) ಭಾರತದ ಖಾಸಗಿ ವಾಹನವು ನೇಪಾಳದ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 30 ದಿನಗಳವರೆಗೆ ಮಾತ್ರ ಅಲ್ಲಿರಬಹುದು.

(ಆ) ದಿನಗಳನ್ನು ಲೆಕ್ಕ ಹಾಕುವಾಗ ಒಂದೆರಡು ದಿನ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವುದು. ಏಳು ದಿನಗಳ ಪ್ರವಾಸಕ್ಕೆ ಏಳೇ ದಿನಗಳ ಶುಲ್ಕ ಪಾವತಿಸಿದವರು ರಸ್ತೆ ಕುಸಿತದಿಂದ ಒಂದು ದಿನ ತಡವಾದರೂ ದಂಡ ತೆರಬೇಕಾಗುತ್ತದೆ. ಎರಡು ದಿನಗಳ ಶುಲ್ಕಕ್ಕಿಂತ ದಂಡ ಮತ್ತು ವಿಳಂಬದ ಹೊರೆ ದೊಡ್ಡದು.

(ಇ) ಅವಧಿ ವಿಸ್ತರಣೆ ಬೇಕಿದ್ದಲ್ಲಿ ಅನುಮತಿಯ ಅವಧಿ ಮುಗಿಯುವ ಮೊದಲೇ ಸುಂಕ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಅವಧಿ ಮೀರಿದ ವಾಹನವು ಮುಟ್ಟುಗೋಲಿಗೆ ಒಳಗಾಗುವ ಸಂಭವವಿರುತ್ತದೆ.

(ಈ) ಹಿಂದಿರುಗುವಾಗ ಪತ್ರವನ್ನು ಹಾಜರುಪಡಿಸಿ ನಿರ್ಗಮನವನ್ನು ದಾಖಲಿಸಿಕೊಳ್ಳದೆ ಗಡಿ ದಾಟಬಾರದು. ಹಾಗೆ ದಾಟಿದಲ್ಲಿ ಕಡತದಲ್ಲಿ ವಾಹನವು ನೇಪಾಳದಲ್ಲಿಯೇ ಉಳಿದಂತಾಗುತ್ತದೆ.

5. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕೆ?

ನೇಪಾಳದಲ್ಲಿ ಭಾರತೀಯ ವಾಹನ ಚಲಾಯಿಸಲು ಭಾರತದ ಚಾಲನಾ ಅನುಜ್ಞಾ ಪತ್ರವೇ ಸಾಕಾಗುತ್ತದೆ. ಇತರ ಅನೇಕ ದೇಶಗಳಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅವಶ್ಯಕ. ಭಾರತವು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಅನ್ವಯ ಇದನ್ನು ನೀಡುತ್ತದೆ. ಅರ್ಜಿಯನ್ನು ನಮೂನೆ 4ಎ ರಲ್ಲಿ, ಸಾರಥಿ ಜಾಲತಾಣದ ಮೂಲಕ ಸಲ್ಲಿಸಬಹುದು. ಪರವಾನಗಿಯು ಒಂದು ವರ್ಷ ಅಥವಾ ಮೂಲ ಅನುಜ್ಞಾ ಪತ್ರದ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಊರ್ಜಿತವಾಗಿರುತ್ತದೆ. ವೈದ್ಯಕೀಯ ಪ್ರಮಾಣ ಪತ್ರ ಮತ್ತು ವೀಸಾ ಹಾಜರುಪಡಿಸಬೇಕೆಂಬ ಷರತ್ತನ್ನು 2021ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಕೈಬಿಟ್ಟಿದೆ.

ಇರಾನ್‌ನಂತಹ ದೇಶಗಳಿಗೆ ಸ್ವಂತ ಕಾರನ್ನು ಒಯ್ಯುವವರಿಗೆ 'ಕಾರ್ನೆ' ಎಂಬ ಸುಂಕ ಪುಸ್ತಿಕೆಯೂ ಬೇಕಾಗುತ್ತದೆ. ವಾಹನವನ್ನು ಮರಳಿ ಹೊರತರುವ ಬಗ್ಗೆ ಇದು ಖಾತರಿ ಪತ್ರವಿದ್ದಂತೆ. ಮಾನ್ಯತೆ ಪಡೆದ ಮೋಟಾರು ವಾಹನ ಸಂಘಗಳು ಭದ್ರತಾ ಠೇವಣಿ ಅಥವಾ ಬ್ಯಾಂಕ್ ಖಾತರಿ ಪಡೆದು ಇದನ್ನು ನೀಡುತ್ತವೆ. ಸಾರಿಗೆ ಕಚೇರಿಯು ನೀಡುವುದಿಲ್ಲ.

6. ರಸ್ತೆಯ ಸ್ಥಿತಿಗತಿ

ನೇಪಾಳದಲ್ಲಿಯೂ ವಾಹನಗಳು ರಸ್ತೆಯ ಎಡಭಾಗದಲ್ಲಿಯೇ ಚಲಿಸುತ್ತವೆ. ಅಲ್ಲಿನ ಗಡಿಯಾರವು ಭಾರತದ ಸಮಯಕ್ಕಿಂತ 15 ನಿಮಿಷ ಮುಂದಿರುತ್ತದೆ. ಫಾಸ್ಟ್ಯಾಗ್ ಅಲ್ಲಿ ಬಳಕೆಗೆ ಬರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬೆಟ್ಟದ ರಸ್ತೆಗಳಲ್ಲಿ ಭೂಕುಸಿತ ಹೆಚ್ಚು. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿನ್ ರಸ್ತೆಯಲ್ಲಿ ಭೂಕುಸಿತಕ್ಕೆ ಸಿಲುಕಿ ಎರಡು ಬಸ್ಸುಗಳು ತ್ರಿಶೂಲಿ ನದಿಯಲ್ಲಿ ಕೊಚ್ಚಿಹೋದವು. ಆ ದುರಂತ ಸಂಭವಿಸಿದ್ದು ನಸುಕಿನ ವೇಳೆಯಲ್ಲಿ. ಮಳೆಗಾಲದ ಪ್ರವಾಸವನ್ನು ಮುಂದೂಡುವುದು, ಕತ್ತಲೆಯಲ್ಲಿ ಬೆಟ್ಟದ ರಸ್ತೆಯಲ್ಲಿ ಚಲಿಸದಿರುವುದು ಕ್ಷೇಮಕರ. ಮುಕ್ತಿನಾಥವು ಸಮುದ್ರ ಮಟ್ಟದಿಂದ 3,700 ಮೀಟರಿಗೂ ಎತ್ತರದಲ್ಲಿರುವುದರಿಂದ ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯುವುದು. ಹೊರಡುವ ಮುನ್ನ ಬ್ರೇಕು, ಟೈರು, ಸ್ಟೆಪ್ನಿ ಮತ್ತು ಜಾಕ್ ಸುಸ್ಥಿತಿಯಲ್ಲಿವೆಯೇ ಎಂದು ಪರೀಕ್ಷಿಸಿಕೊಳ್ಳುವುದು.

ಪ್ರವಾಸಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ದಾಖಲೆಗಳ ಪರಿಶೀಲನೆ ಆರಂಭಿಸಿದಲ್ಲಿ, ಕೊರತೆ ಕಂಡುಬಂದರೆ ಸರಿಪಡಿಸಿಕೊಳ್ಳಲು ಸಮಯ ದೊರೆಯುತ್ತದೆ.

ವಿಶೇಷ ಸೂಚನೆ: ಭನ್ಸಾರ್ ಶುಲ್ಕದ ದರ ಮತ್ತು ಪ್ರವೇಶದ ನಿಯಮಗಳನ್ನು ನೇಪಾಳ ಸರ್ಕಾರವು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಪ್ರವಾಸಿಗರು ಹೊರಡುವ ಮುನ್ನ ಚಾಲ್ತಿ ನಿಯಮಗಳನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ನೋಂದಣಿ ಹಾಗೂ ಚಾಲನಾ ಅನುಜ್ಞಾ ಪತ್ರಕ್ಕೆ ಸಂಬಂಧಿಸಿದ ವಿಷಯಗಳಿಗೆ ಆಯಾ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ನೇರವಾಗಿ ಸಂಪರ್ಕಿಸಬಹುದು, ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.